ಮದ್ದಿನ ಮನೆಯ ಬೀಗದ ಕೈ

ಕ್ರೈಮಿಯಾ ಯುದ್ಧದ ಮೊದಲ ಚಳಿಗಾಲದಲ್ಲಿ ಸಹಸ್ರಾರು ಬ್ರಿಟಿಷ್ ಸೈನಿಕರು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಶೀತಕ್ಕೂ ಹಸಿವಿಗೂ ರೋಗಕ್ಕೂ ಬಲಿಯಾದರೆಂಬ ವಾರ್ತೆಯು ಲಂಡನ್ನಿನ ಪತ್ರಿಕೆಗಳಲ್ಲಿ ಪ್ರಕಟವಾಗಿ ಜನರ ರೋಷವು ಉಕ್ಕಿ ಬಂದಾಗ, ಆ ರೋಷವನ್ನು ಶಮನಗೊಳಿಸಲು ಸರ್ಕಾರವು ಹುಡುಕಿದ ಬಲಿಪಶುಗಳಲ್ಲಿ ಒಂದು ಆರ್ಡ್ನೆನ್ಸ್ ಮಂಡಲಿ. 1855ನೆಯ ಇಸವಿಯ ಮೇ ತಿಂಗಳಲ್ಲಿ ಆ ಪ್ರಾಚೀನ ಸಂಸ್ಥೆಯನ್ನು ರದ್ದುಗೊಳಿಸಲಾಯಿತು. ಅದು ವಿವೇಚನೆಯಿಂದ ಮಾಡಿದ ಕಾರ್ಯವಲ್ಲ, ಕೋಪದಿಂದ ಮಾಡಿದ ಕಾರ್ಯವೆಂಬುದು ನನ್ನ ಅಭಿಪ್ರಾಯ.

ಆ ಮಂಡಲಿಯ ಮುಖ್ಯಸ್ಥನಾಗಿ, ಫಿರಂಗಿ, ಮದ್ದು, ಗುಂಡು, ಕೋಟೆಕೊತ್ತಲ ಇವೆಲ್ಲಕ್ಕೂ ಒಡೆಯನಾದ ‘ಮಾಸ್ಟರ್’ ಎಂಬ ಅಧಿಕಾರಿಯನ್ನು ಎಂಟನೆಯ ಹೆನ್ರಿಯು 1544ರಲ್ಲಿ ಟವರ್ ಆಫ್ ಲಂಡನ್ನಿನಲ್ಲಿ ಕುಳ್ಳಿರಿಸಿದನು. ಮುಂದಿನ ಶತಮಾನದಲ್ಲಿ ಆತನು ‘ಮಾಸ್ಟರ್ ಜನರಲ್’ ಆದನು. ಮಾರ್ಲ್‌ಬರೋ ಡ್ಯೂಕನಂಥ ಮಹಾಸೇನಾನಿಗಳು ಅಲಂಕರಿಸಿದ ಪೀಠವದು. ಕನ್ನಡಿಗರು ಮರೆಯಲಾಗದ ಇಬ್ಬರೂ ಆ ಪೀಠದಲ್ಲಿ ಕುಳಿತವರೇ: 1792ರಲ್ಲಿ ಶ್ರೀರಂಗಪಟ್ಟಣದ ಗೋಡೆಗಳ ಮುಂದೆ ನಿಂತು ಟಿಪ್ಪುವಿನಿಂದ ಅರ್ಧರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಕಿತ್ತುಕೊಂಡ ಕಾರ್ನ್‌ವಾಲಿಸನು 1795ರಲ್ಲಿ ಮಾಸ್ಟರ್ ಜನರಲ್ ಆದನು, 1799ರ ಮುತ್ತಿಗೆಯಲ್ಲಿ ಕರ್ನಲನಾಗಿದ್ದ ವೆಲ್ಲೆಸ್ಲಿಯು ವೆಲಿಂಗ್ಟನ್ ಡ್ಯೂಕನಾಗಿ 1819ರಿಂದ 1827ರವರೆಗೆ ಅದೇ ಅಧಿಕಾರವನ್ನು ನಡೆಸಿದನು. ಮೈಸೂರಿನ ರಾಕೆಟ್ಟುಗಳು ಸಹ ಈ ಕಚೇರಿಯ ಅಂಗಳಕ್ಕೇ ಸೇರಿದುವು. ವುಲ್ವಿಚ್ಚಿನ ಪ್ರಯೋಗಶಾಲೆಯ ಅಧಿಕಾರಿಯ ಮಗನಾದ ವಿಲಿಯಂ ಕಾಂಗ್ರೀವನು ಅವುಗಳ ಮಾದರಿಯಿಂದ ಅಲ್ಲಿ ರೂಪಿಸಿದ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ ನಗರಕ್ಕೆ ಬೆಂಕಿಯಿಡುವುದರಲ್ಲಿ ಪಾಲುಗೊಂಡವು.

ಆದರೆ ನನಗೆ ಈ ಕಚೇರಿಯಲ್ಲಿ ಮಾನ್ಯವಾಗಿ ತೋರುವುದು ಅದರ ಒಡೆಯರ ಕೀರ್ತಿಯಲ್ಲ, ಅದರ ಒಳಗಣ ವ್ಯವಸ್ಥೆ. ಎರಡನೆಯ ಚಾರ್ಲ್ಸನ 1683ರ ಆಜ್ಞಾಪತ್ರವು ಪ್ರತಿಯೊಬ್ಬ ಅಧಿಕಾರಿಯ ಕರ್ತವ್ಯವನ್ನೂ ಬೇರೆ ಬೇರೆಯಾಗಿ ವಿಧಿಸಿತು: ಸರಕಿನ ಗುಣವನ್ನು ಪರೀಕ್ಷಿಸುವವನು ಸರ್ವೇಯರ್ ಜನರಲ್, ಲೆಕ್ಕವನ್ನು ಬರೆಯುವವನು ಕ್ಲರ್ಕ್, ಉಗ್ರಾಣವನ್ನು ಕಾಯುವವನು ಸ್ಟೋರ್‌ಕೀಪರ್, ಹೊರಕ್ಕೆ ಹೋಗುವ ಪದಾರ್ಥಕ್ಕೆ ಸಾಕ್ಷಿಯಾಗುವವನು ಮತ್ತೊಬ್ಬನು. ಪಟೇಲನ ವಸೂಲಿಗೆ ಶಾನುಭೋಗನ ಕಡತವು ಕಾವಲಾಗಿದ್ದ ನಮ್ಮ ಹಳ್ಳಿಗಳ ಕ್ರಮವನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಈ ವ್ಯವಸ್ಥೆಯಿಂದ ಕಳ್ಳತನವು ಸಂಪೂರ್ಣವಾಗಿ ನಿಂತಿತೆಂದು ನಾನು ಹೇಳೆನು. ಆದರೆ ಕಳ್ಳನಿಗೆ ಜೊತೆಗಾರರು ಬಹಳ ಮಂದಿ ಬೇಕಾದರು.

ಕಾಲಾಳು ಮತ್ತು ಕುದುರೆ ದಳಗಳಲ್ಲಿ ಅಧಿಕಾರಪದವಿಗಳನ್ನು ಹಣಕೊಟ್ಟು ಕೊಳ್ಳುವ ನಾಚಿಕೆಗೇಡಿನ ಪದ್ಧತಿಯು 1871ರವರೆಗೂ ನಡೆಯುತ್ತಿದ್ದಾಗ, ಮಾಸ್ಟರ್ ಜನರಲ್ಲನ ಕೈಕೆಳಗಿದ್ದ ಫಿರಂಗಿ ದಳದಲ್ಲಿಯೂ ಇಂಜಿನಿಯರುಗಳಲ್ಲಿಯೂ ಅದಕ್ಕೆ ಎಡೆಯಿರಲಿಲ್ಲ. 1741ರಲ್ಲಿ ವುಲ್ವಿಚ್ಚಿನಲ್ಲಿ ಸ್ಥಾಪಿತವಾದ ವಿದ್ಯಾಶಾಲೆಯಲ್ಲಿ ಗಣಿತವನ್ನು ಕಲಿತವರಿಗೆ ಅಲ್ಲಿ ಮನ್ನಣೆ ದೊರೆಯಿತು. ಕೋಣೆ ತುಂಬ ಹಣವುಳ್ಳವನಾದರೂ ಗುಂಡು ಎಲ್ಲಿ ಬೀಳುವುದೆಂಬ ಲೆಕ್ಕ ಬಾರದಿದ್ದರೆ ಫಿರಂಗಿಯ ಬಳಿ ಅವನಿಂದೇನು ಪ್ರಯೋಜನ! ಈ ಗಣಿತಪ್ರೀತಿಯ ಫಲವು ಯುದ್ಧವನ್ನು ಮೀರಿ ಹರಡಿತು. ಗ್ರೀನಿಚ್ಚಿನ ವೀಕ್ಷಣಾಲಯವು 1675ರಲ್ಲಿ ಎದ್ದುದು ಈ ಕಚೇರಿಯ ಖರ್ಚಿನಿಂದಲೇ. ಅದಕ್ಕೆ ತಗಲಿದ ಸುಮಾರು 520 ಪೌಂಡುಗಳನ್ನು ಒದಗಿಸಲು ಕೆಟ್ಟುಹೋದ ಕೋವಿಮದ್ದನ್ನು ಮಾರಿದರು. ಮೊದಲನೆಯ ರಾಜಜ್ಯೋತಿರ್ವಿದನಾದ ಫ್ಲಾಮ್‌ಸ್ಟೀಡನಿಗೆ ವರ್ಷಕ್ಕೆ ನೂರು ಪೌಂಡುಗಳ ವೇತನವು ಬರುತ್ತಿದ್ದುದೂ ಇಲ್ಲಿಂದಲೇ. ಶತಮಾನವೊಂದು ಕಳೆದ ಮೇಲೆ, ರಿಚ್ಮಂಡ್ ಡ್ಯೂಕನ ಅಧಿಕಾರಕಾಲದಲ್ಲಿ, 1791ರಲ್ಲಿ ಆರಂಭವಾದ ಆರ್ಡ್ನೆನ್ಸ್ ಸರ್ವೆಯು ಬ್ರಿಟನ್ನಿನ ನೆಲವನ್ನೆಲ್ಲ ಅಳೆದು ನಕ್ಷೆಗಿಳಿಸಿತು.

ಹೀಗಿದ್ದ ಮಂಡಲಿಯು ನಿರ್ದೋಷಿಯೆಂದು ವಾದಿಸುವುದು ನನ್ನ ಉದ್ದೇಶವಲ್ಲ. ನಿಧಾನವು ಅದರ ಸ್ವಭಾವವಾಗಿತ್ತು. ಕಾಗದಪತ್ರಗಳಲ್ಲಿ ಅದಕ್ಕಿದ್ದ ಮೋಹವು ವಿಪರೀತವಾಗಿತ್ತು. ಇದಲ್ಲದೆ 1852ರಿಂದ ಮಾಸ್ಟರ್ ಜನರಲ್ ಆಗಿದ್ದ ರಾಗ್ಲನ್ ಪ್ರಭುವೇ ಕ್ರೈಮಿಯಾದಲ್ಲಿ ಸೇನಾಧಿಪತಿಯಾಗಿಯೂ ಇದ್ದುದರಿಂದ, ಲಂಡನ್ನಿನ ಪೀಠದಲ್ಲಿ ಯಜಮಾನನೇ ಇರಲಿಲ್ಲ. ಆದರೂ ಅನ್ನವಿಲ್ಲದೆ ಸತ್ತ ಸೈನಿಕನ ಸಾವಿಗೆ ಮುಖ್ಯವಾಗಿ ಹೊಣೆಯಾದುದು ಖಜಾನೆಯ ಅಧೀನದಲ್ಲಿದ್ದ ಕಮಿಸರಿಯೆಟ್ ಇಲಾಖೆ. ತಪ್ಪಿನ ಪಾಲನ್ನು ತೂಗಿ ನೋಡುವ ವ್ಯವಧಾನವು ಆಗ ಯಾರಿಗೂ ಇರಲಿಲ್ಲ.

ಅರ್ಧ ಶತಮಾನವು ಉರುಳುವಷ್ಟರಲ್ಲಿ, ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಪೆಟ್ಟು ತಿಂದ ಮೇಲೆ, ಸೇನಾಡಳಿತದ ಸುಧಾರಣೆಗಾಗಿ ನೇಮಿತವಾದ ಈಷರ್ ಸಮಿತಿಯ ಸಲಹೆಯಂತೆ 1904ರಲ್ಲಿ ಅದೇ ಪದವಿಯನ್ನು ಅದೇ ಹೆಸರಿನಿಂದ ಮರಳಿ ಸೃಷ್ಟಿಸಬೇಕಾಯಿತು. 1915ರಲ್ಲಿ ಆ ಸ್ಥಾನದಲ್ಲಿದ್ದ ಫಾನ್ ಡೋನಪನು, ಅನುಭವವಿಲ್ಲದ ಕಾರ್ಖಾನೆಗಳಿಗೆ ಗುಂಡಿನ ಗುತ್ತಿಗೆಯನ್ನು ಕೊಡಲು ಹಿಂಜರಿದನು. ಫ್ರಾನ್ಸಿನ ರಣರಂಗದಲ್ಲಿ ಗುಂಡುಗಳು ಸಾಲದೆ ಹೋದುವು; ಪತ್ರಿಕೆಗಳು ಮತ್ತೆ ಕೂಗಿದುವು; ಲಾಯ್ಡ್ ಜಾರ್ಜನ ಹೊಸ ಯುದ್ಧಸಾಮಗ್ರಿ ಸಚಿವಶಾಖೆಯು ಆ ಕೆಲಸವನ್ನೆಲ್ಲ ವಹಿಸಿಕೊಂಡು ಗುಂಡುಗಳ ರಾಶಿಯನ್ನೇ ಹಾಕಿತು. ಲಾಯ್ಡ್ ಜಾರ್ಜನ ಚೈತನ್ಯವಿಲ್ಲದೆ ಬ್ರಿಟನ್ನಿಗೆ ಉಳಿಗಾಲವಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ 1916ರ ಸೋಮ್ ಕದನದಲ್ಲಿ ಆ ಅವಸರದ ಗುಂಡುಗಳಲ್ಲಿ ಗಣನೀಯ ಭಾಗವು ಸಿಡಿಯದೆ ಮಣ್ಣಿನಲ್ಲಿ ಹೂತುಹೋಯಿತೆಂಬುದನ್ನೂ ಒಪ್ಪಬೇಕು. ಅಲ್ಲಿಯ ರೈತರ ನೇಗಿಲಿಗೆ ಅವು ಇಂದಿಗೂ ಸಿಕ್ಕುತ್ತಿವೆ. ಪರೀಕ್ಷಿಸುವವನ ಮಾತಿಗೆ ತಯಾರಿಸುವವನ ಆತುರದಷ್ಟೇ ಬೆಲೆಯಿದ್ದಿದ್ದರೆ ಮುಳ್ಳುತಂತಿಯ ಮುಂದೆ ಮಡಿದವರ ಸಂಖ್ಯೆಯು ಸ್ವಲ್ಪವಾದರೂ ಕಡಮೆಯಾಗುತ್ತಿತ್ತೆಂದು ನಾನು ನಂಬುತ್ತೇನೆ.

ಆ ಅನುಭವದ ತರುವಾಯವೂ 1938ರಲ್ಲಿ, ಮತ್ತೊಂದು ಮಹಾಯುದ್ಧವು ಬಾಗಿಲಿಗೆ ಬಂದಿದ್ದಾಗ, ಮಾಸ್ಟರ್ ಜನರಲ್ ಪದವಿಯನ್ನು ಎರಡನೆಯ ಸಲ ರದ್ದುಮಾಡಿದರು. ಎರಡು ದಶಕಗಳ ಬಳಿಕ ಅದನ್ನು ಎರಡನೆಯ ಸಲ ಮರಳಿ ಸ್ಥಾಪಿಸಿದರು.