ಅಂಗೈಯೊಳಗಿನ ಕೋಟೆ



ರಾಯಚೂರಿನಿಂದ ಸಿರವಾರದತ್ತ ಹೋಗುವ ದಾರಿಯಲ್ಲಿ ಕಲ್ಲೂರೆಂಬ ಗ್ರಾಮವಿದೆ. ಅಲ್ಲಿ ದೊರೆತ ಅತಿ ಪ್ರಾಚೀನವಾದ ತಾಮ್ರದ ಖಡ್ಗಗಳಿಂದಾಗಿ ಪುರಾತತ್ತ್ವದ ಗ್ರಂಥಗಳಲ್ಲಿ ಆ ಊರಿನ ಹೆಸರು ನಿಂತಿದೆ. ಕೀಟದ ಮೀಸೆಯಂತೆ ಕವಲೊಡೆದ ಹಿಡಿಯುಳ್ಳ ಖಡ್ಗಗಳವು. ಕಳೆದ ಶ್ರಾವಣದಲ್ಲಿ ಅದೇ ಊರಿನ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದಾಗ ನಾವು ಬೇರೊಂದು ಬಗೆಯ ಖಡ್ಗಗಳನ್ನು ಕಂಡೆವು. ಅವು ಹದಿನಾಲ್ಕು ವರ್ಷದ ಬಾಲಕನ ಅಂಗೈಯಲ್ಲಿದ್ದ ಮೊಬೈಲಿನೊಳಗೆ ಝಳಪಿಸುತ್ತಿದ್ದವು.

"ಅಜ್ಜಾರ, ಇವ ಈ ಆಟ ಬಿಡೋ ಹಂಗ ನಾಲ್ಕು ಬುದ್ಧಿಮಾತು ಹೇಳ್ರಿ" ಎಂದು ತಾಯಿ ಕೈಮುಗಿದರು. ತಂದೆಯಂತೂ ಆ ಫೋನನ್ನು ಕಲ್ಲಿಗೆ ಅಪ್ಪಳಿಸುವುದಾಗಿ ಗದರಿದರು. ನಾವೂ ವಾಡಿಕೆಯಂತೆ ಕಾಲಹರಣ, ಕಣ್ಣಿನ ಕೇಡು, ವಿದ್ಯಾನಾಶ ಎಂದು ಉಪದೇಶವನ್ನು ಆರಂಭಿಸಿದೆವು. ಬಾಲಕ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿ, ಕೊನೆಗೆ ಮೆಲ್ಲನೆ, "ಅಜ್ಜಾರ, ನೀವು ಒಂದು ಸಲನಾದ್ರೂ ಇದನ್ನ ನೋಡೀರೇನ್ರಿ?" ಎಂದ.

ಮನೆಯವರು ಅವನ ಮೇಲೆ ರೇಗಿದರು. ನಾವು ಮಾತ್ರ ಮೌನವಾದೆವು. ಮಠದಲ್ಲಿ ನಮಗೆ ಶಾಸ್ತ್ರಪಾಠ ಹೇಳಿದ ಗುರುಗಳು, ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸಲರಿಯದವನಿಗೆ ಅದನ್ನು ಖಂಡಿಸುವ ಅಧಿಕಾರವಿಲ್ಲವೆಂದು ಕಲಿಸಿದ್ದರು. ಎಷ್ಟೋ ವೇದಿಕೆಗಳಲ್ಲಿ ಮೊಬೈಲ್ ಆಟಗಳನ್ನು ನಿಂದಿಸಿದ ನಾವು ಒಂದನ್ನಾದರೂ ಕಣ್ಣಾರೆ ಕಂಡವರಲ್ಲ. ಆ ಮಧ್ಯಾಹ್ನ ಬಾಲಕನ ಪಕ್ಕದಲ್ಲಿ ಜಮಖಾನೆಯ ಮೇಲೆ ಕುಳಿತು, "ತೋರಿಸಪ್ಪ, ನೋಡೋಣ" ಎಂದೆವು.

ಆಟದ ಹೆಸರು ಕ್ಲ್ಯಾಶ್ ಆಫ್ ಕ್ಲ್ಯಾನ್ಸ್. ಕುಲ ಕುಲಗಳ ಕಾಳಗವೆಂದು ಅರ್ಥ. ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದ ಸೂಪರ್‌ಸೆಲ್ ಎಂಬ ಸಂಸ್ಥೆಯು ಇದನ್ನು ೨೦೧೨ರಲ್ಲಿ ಆಪಲ್ ಫೋನುಗಳಿಗೂ, ೨೦೧೩ರಲ್ಲಿ ಆಂಡ್ರಾಯ್ಡ್ ಫೋನುಗಳಿಗೂ ಹೊರತಂದಿತು. ಆಡುವವನಿಗೆ ಒಂದು ಊರು. ಅಲ್ಲಿ ಚಿನ್ನದ ಗಣಿ, ಎಲಿಕ್ಸಿರ್ ಎಂಬ ಮಾಯಾರಸ, ಕೋಟೆಯ ಗೋಡೆ, ತೋಪು, ಬಿಲ್ಲುಗಾರರ ಗೋಪುರ. ದೈತ್ಯರು, ಮಾಂತ್ರಿಕರು, ಬೆಂಕಿಯುಗುಳುವ ಹಾರುಸರ್ಪಗಳೆಲ್ಲ ಅವನ ಸೈನ್ಯ. ತನ್ನ ಊರನ್ನು ಭದ್ರಪಡಿಸುವುದು, ಪರರ ಊರನ್ನು ಭೇದಿಸುವುದು, ಇವೆರಡೇ ಆಟದ ಸಾರ.

ಮೊದಲು ಪೂರ್ವಪಕ್ಷವನ್ನು ಹೇಳುವೆವು.

ಇದು ಬೆರಳಿನ ಚುರುಕಿಗಿಂತ ಬುದ್ಧಿಯ ಚುರುಕನ್ನು ಹೆಚ್ಚಾಗಿ ಬೇಡುವ ಆಟ. ದೈತ್ಯನು ರಕ್ಷಣಾ ಗೋಪುರಗಳನ್ನೇ ಹುಡುಕಿ ನಡೆಯುತ್ತಾನೆ, ಗಾಬ್ಲಿನ್ ಎಂಬ ಕುಳ್ಳನು ಭಂಡಾರದತ್ತ ಓಡುತ್ತಾನೆ, ಗೋಡೆಯೊಡೆಯುವವನು ಗೋಡೆಯತ್ತ. ಒಮ್ಮೆ ಕಣಕ್ಕಿಳಿಸಿದ ಸೈನಿಕನನ್ನು ಮರಳಿ ಕರೆಯುವಂತಿಲ್ಲ, ಅತ್ತಿತ್ತ ತಿರುಗಿಸುವಂತಿಲ್ಲ. ಆದ್ದರಿಂದ ಒಬ್ಬೊಬ್ಬರ ಸ್ವಭಾವವನ್ನೂ ಅರಿತು, ಯಾರನ್ನು ಯಾವ ದಿಕ್ಕಿನಿಂದ ಯಾವಾಗ ಕಳಿಸಬೇಕೆಂದು ಮುಂಚಿತವಾಗಿಯೇ ಯೋಚಿಸಬೇಕು. ದಾಳಿಗೆ ದೊರೆಯುವ ಸಮಯ ಮೂರು ನಿಮಿಷ ಮಾತ್ರ.

ನಮಗೆ ಇನ್ನೂ ಹಿಡಿಸಿದ ಗುಣವೊಂದಿದೆ. ತನ್ನ ಊರಿನ ಮೇಲೆ ನಡೆದ ದಾಳಿಯನ್ನು ಆಡುವವನು ಅನಂತರ ಮೊದಲಿನಿಂದ ಕೊನೆಯವರೆಗೆ ನೋಡಬಹುದು. ಬಾಲಕ ತನ್ನ ಸೋಲನ್ನು ಎರಡು ಸಲ ನೋಡಿ, "ಇಲ್ಲಿ ಗೋಡೆ ಪೊಳ್ಳಿತ್ರಿ" ಎಂದು ತನ್ನ ತಪ್ಪನ್ನು ತಾನೇ ತೋರಿಸಿ, ಗೋಡೆಗಳನ್ನು ಬೇರೆ ಬಗೆಯಾಗಿ ಜೋಡಿಸಿದ. ಸೋತ ಮೇಲೆ ಎದುರಾಳಿಯನ್ನು ಬೈಯದೆ ತನ್ನ ಗೋಡೆಯನ್ನು ಪರೀಕ್ಷಿಸುವ ಗುಣ ಹಿರಿಯರಲ್ಲಿಯೂ ಎಷ್ಟು ಜನರಿಗಿದೆ? ಇದಲ್ಲದೆ ತಂಡದವರು ಕೇಳಿದಾಗ ತನ್ನ ಸೈನಿಕರನ್ನು ಕೊಟ್ಟು ನೆರವಾಗುವ ಪದ್ಧತಿಯೂ ಇದೆ.

ಇನ್ನು ದೋಷಗಳು.

ಈ ಆಟದಲ್ಲಿ ಕಟ್ಟಡವನ್ನು ಮೇಲ್ದರ್ಜೆಗೇರಿಸಲು ಕಾಯಬೇಕು. ಮೊದಮೊದಲು ಕೆಲವು ಕ್ಷಣಗಳು, ಬಳಿಕ ಗಂಟೆಗಳು, ಮುಂದೆ ದಿನಗಳು. ತಾಳ್ಮೆಯ ಪಾಠವೆಂದು ನಾವು ಸಂತೋಷಪಡುವಷ್ಟರಲ್ಲಿ ಪಕ್ಕದಲ್ಲಿ ಹಸಿರು ರತ್ನವೊಂದು ಕಂಡಿತು. ರತ್ನ ಕೊಟ್ಟರೆ ಕೆಲಸ ಒಡನೆಯೇ ಮುಗಿಯುತ್ತದೆ. ಊರಿನ ಗಿಡಗಂಟಿಗಳನ್ನು ಕಡಿದರೆ ರತ್ನಗಳು ಅಲ್ಪಸ್ವಲ್ಪ ಸಿಗುತ್ತವೆ. ರಾಶಿಯಾಗಿ ಬೇಕೆಂದರೆ ನಿಜವಾದ ರೂಪಾಯಿ ತೆತ್ತು ಕೊಳ್ಳಬೇಕು. ಆಡಲು ಕಾಸಿಲ್ಲ, ಕಾಯದಿರಲು ಕಾಸು. ತಾಳ್ಮೆಯನ್ನು ಬೋಧಿಸುವ ಕೈಯೇ ಅವಸರವನ್ನು ಮಾರುತ್ತದೆ. ಇದೇ ಈ ಆಟದ ಮೂಲದೋಷವೆಂದು ನಮ್ಮ ಅಭಿಪ್ರಾಯ.

ಎರಡನೆಯದಾಗಿ, ಇದಕ್ಕೆ ಮುಕ್ತಾಯವಿಲ್ಲ. ಗುಡಿಯ ಕಟ್ಟೆಗಳ ಮೇಲೆ ಕೊರೆದಿರುವ ಹುಲಿ-ಕುರಿಯ ಮನೆಗಳನ್ನು ತಾವೆಲ್ಲ ಕಂಡಿರುವಿರಿ. ಹುಲಿಗಳು ಕಟ್ಟಿಬಿದ್ದರೆ, ಇಲ್ಲವೆ ಕುರಿಗಳು ತೀರಿದರೆ ಆಟ ಮುಗಿಯಿತು. ಹರಳುಗಳನ್ನು ಒರೆಸಿ ಎದ್ದು ಮನೆಗೆ ಹೋಗಬಹುದು. ಚೌಕಾಬಾರವೂ ಹಾಗೆಯೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ೧೯ನೆಯ ಶತಮಾನದಲ್ಲಿ ಹಲವು ಹಲಗೆಯಾಟಗಳನ್ನು ರಚಿಸಿದರು. ಅವು ಹಲಗೆಯ ಮೇಲೆಯೇ ಉಳಿಯುತ್ತವೆ, ದಿಂಬಿನ ಕೆಳಗೆ ಬಂದು ಕರೆಯುವುದಿಲ್ಲ. ಈ ಆಟವಾದರೋ ಆಡದಿದ್ದಾಗಲೂ ಸೂಚನೆಗಳನ್ನು ಕಳಿಸಿ ಎಚ್ಚರಿಸುತ್ತದೆ. ತಂಡಗಳ ಯುದ್ಧಕ್ಕೆ ಸಿದ್ಧತೆಗೆ ಒಂದು ದಿನ, ಕಾಳಗಕ್ಕೆ ಒಂದು ದಿನ. ಆ ಹೊತ್ತಿನಲ್ಲಿ ತಪ್ಪಿಸಿಕೊಂಡವನು ತಂಡದವರಿಗೆ ದ್ರೋಹ ಬಗೆದಂತೆ ಕುಗ್ಗುತ್ತಾನೆ.

ಮೂರನೆಯದಾಗಿ, ಪರರ ಭಂಡಾರವನ್ನು ಲೂಟಿ ಮಾಡದೆ ಇಲ್ಲಿ ಬೇಗ ಬೆಳೆಯಲಾಗದು. ಕಾಯಕದಿಂದ ಬದುಕಬೇಕೆಂದು ಕಲಿಸುವ ಮನೆಗಳಲ್ಲಿ ಈ ವಿಷಯವನ್ನು ಕುರಿತು ಮಕ್ಕಳೊಡನೆ ಒಂದು ಮಾತನ್ನಾದರೂ ಆಡಬೇಕು.

ಕೆಲವರು ಇದನ್ನು ಜೂಜೆಂದೇ ತಿಳಿದಿದ್ದಾರೆ. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು ೨೦೨೫ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಈ ಆಟದಲ್ಲಿ ಪಣವಿಲ್ಲ, ಗೆದ್ದವನಿಗೆ ಹಣ ಬರುವುದಿಲ್ಲ. ಆದಕಾರಣ ಇದು ಜೂಜಲ್ಲ. ಹಾಗೆಂದು ತೆತ್ತ ಹಣವೂ ಮರಳಿ ಬಾರದೆಂಬುದನ್ನು ಮರೆಯಬಾರದು.

ಸಂಜೆ ಬಾಲಕನನ್ನು ಕೇಳಿದೆವು, "ನಿಮ್ಮಪ್ಪ ಹತ್ತಿ ಬಿತ್ತಿ ಎಷ್ಟು ದಿನ ಕಾಯ್ತಾನಪ್ಪ?"

"ಬಿಡಿಸೋ ತನಕ ಐದಾರು ತಿಂಗಳ್ರಿ."

"ನಡುವ ರತ್ನ ಕೊಟ್ಟು ಕಾಯಿ ಒಡೆಸಬಹುದೇನು?"

ಅವನು ನಕ್ಕ. ಆದರೆ ನಗು ನಿಂತ ಮೇಲೆ ಬಾಗಿಲಲ್ಲಿ ನಿಂತಿದ್ದ ತಂದೆಯ ಕಡೆಗೆ ಒಮ್ಮೆ ನೋಡಿದ. ಆ ನೋಟವು ನಮ್ಮ ಉಪದೇಶಕ್ಕಿಂತ ಮಿಗಿಲಾಗಿತ್ತು.

ತಂದೆಗೂ ನಾವು ಒಂದು ಮಾತು ಹೇಳಬೇಕಾಯಿತು. ಫೋನನ್ನು ಒಡೆಯುವೆನೆಂದ ಅವರ ಕಿಸೆಯಲ್ಲಿಯೂ ಒಂದು ಫೋನಿತ್ತು. ಪ್ರಸಾದದ ಪಂಕ್ತಿಯಲ್ಲಿಯೂ ಅದು ಅವರ ಕೈಬಿಟ್ಟಿರಲಿಲ್ಲ. ಮಗನ ಆಟಕ್ಕಾದರೂ ಯೋಚನೆ ಬೇಕು, ಹಿರಿಯರು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಕುಳಿತುಕೊಳ್ಳುವ ಚಿತ್ರಗಳಿಗೆ ಅದೂ ಬೇಡ. ಅವರು ನೊಂದುಕೊಳ್ಳದೆ ತಲೆದೂಗಿದರು.

ಕೊನೆಗೆ ಆ ಮನೆಯಲ್ಲಿ ಎಲ್ಲರೂ ಕುಳಿತು ಒಂದು ಒಪ್ಪಂದಕ್ಕೆ ಬಂದೆವು. ಫೋನಿನಲ್ಲಿ ಖರೀದಿಗೆ ಗುಪ್ತಸಂಕೇತವನ್ನು ಹಾಕಿ ಅದನ್ನು ತಾಯಿಯೊಬ್ಬರೇ ಇಟ್ಟುಕೊಳ್ಳುವುದು. ಆಟದ ಸೂಚನೆಗಳನ್ನು ನಿಲ್ಲಿಸುವುದು. ಅಪರಿಚಿತರಿರುವ ತಂಡವನ್ನು ಬಿಟ್ಟು ಊರಿನ ಗೆಳೆಯರ ತಂಡವನ್ನು ಸೇರುವುದು. ಅಭ್ಯಾಸ ಮುಗಿದ ಮೇಲೆ ಅರ್ಧ ಗಂಟೆ ಆಟ. ರಾತ್ರಿ ಮಲಗುವಾಗ ಮಗನ ಫೋನು, ತಂದೆಯ ಫೋನು ಎರಡೂ ಗೂಡಿನಲ್ಲಿ. ಕೊನೆಯ ನಿಯಮವನ್ನು ಸೇರಿಸಿದವನು ಬಾಲಕನೇ.

ಹೊರಡುವ ಮುನ್ನ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಅವನಿಗೆ ಹುಲಿ-ಕುರಿಯನ್ನು ಕಲಿಸಿದೆವು. ಮೊದಲ ಆಟದಲ್ಲಿ ನಾವು ಗೆದ್ದೆವು. ಅವನು ಸೋತದ್ದೆಲ್ಲಿ ಎಂದು ನಡೆಗಳನ್ನು ಹಿಂದಕ್ಕೆ ಜೋಡಿಸಿ ನೋಡಿ, ಎರಡನೆಯ ಆಟದಲ್ಲಿ ನಮ್ಮ ಮೂರು ಹುಲಿಗಳನ್ನೂ ಕಟ್ಟಿಹಾಕಿದ. ಆ ಅಭ್ಯಾಸ ಅವನಿಗೆ ಎಲ್ಲಿಂದ ಬಂತೆಂಬುದನ್ನು ನಾವು ಬಲ್ಲೆವು. ಆದ್ದರಿಂದಲೇ ಮನೆಯವರಲ್ಲಿ ನಮ್ಮ ವಿನಂತಿಯಿಷ್ಟೆ: ಮಕ್ಕಳ ಕೈಯಿಂದ ಆಟವನ್ನು ಕಸಿಯುವ ಮುನ್ನ ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತು ನೋಡಿರಿ. ಉಳಿಸಬೇಕಾದುದು ಯಾವುದು, ಬಿಡಿಸಬೇಕಾದುದು ಯಾವುದು ಎಂಬುದು ಆಗ ತಿಳಿಯುತ್ತದೆ.