ಪರದೇಶದ ಬಂದರಿನಲ್ಲಿ ಕೈಬಿಟ್ಟ ನಾವಿಕನಿಗೆ ಯಾರು ದಿಕ್ಕು?

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಮಗನೋ ಅಳಿಯನೋ ಹಡಗಿನಲ್ಲಿ ದುಡಿಯುವ ಮನೆಗಳಿವೆ. ಸಂಬಳ ನಿಂತು, ಮಾಲೀಕ ಫೋನ್ ಎತ್ತದೆ, ಹಡಗು ಪರದೇಶದಲ್ಲಿ ಲಂಗರು ಹಾಕಿ ಉಳಿದರೆ ಅವರ ಗತಿಯೇನು? ಅಂತಾರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದ ಲೆಕ್ಕದಂತೆ 2024ರಲ್ಲಿ 312 ಹಡಗುಗಳಲ್ಲಿ 3,133 ನಾವಿಕರನ್ನು ಹೀಗೆ ಕೈಬಿಡಲಾಯಿತು. ಅವರಲ್ಲಿ ಭಾರತೀಯರೇ ಅತಿ ಹೆಚ್ಚು, 899 ಮಂದಿ.

ಈ ಕಷ್ಟ ಹಳೆಯದು. ಅಮೆರಿಕ ಇನ್ನೂ ಎಳೆಯ ದೇಶವಾಗಿದ್ದಾಗ, 1792ರ ಕಾಯಿದೆಯಲ್ಲೇ, ಪರದೇಶದ ಬಂದರುಗಳಲ್ಲಿದ್ದ ತನ್ನ ಕಾನ್ಸಲರಿಗೆ ಒಂದು ಹೊಣೆ ಹೊರಿಸಿತು. ದಿಕ್ಕಿಲ್ಲದ ನಾವಿಕನಿಗೆ ದಿನಕ್ಕೆ 12 ಸೆಂಟ್ ಮೀರದಂತೆ ಖರ್ಚು ಮಾಡಿ ಅನ್ನ, ಆಸರೆ ಕೊಡಬೇಕು, ಊರಿಗೆ ಹೊರಟ ಹಡಗು ಹತ್ತಿಸಬೇಕು. 1803ರಲ್ಲಿ ಇದಕ್ಕೆ ಹಲ್ಲು ಬಂತು. ಬಂದರಿಗೆ ಬಂದ ಕಪ್ತಾನ ಹಡಗಿನ ಕಾಗದಪತ್ರಗಳನ್ನು ಕಾನ್ಸಲನ ಕೈಗೆ ಕೊಡಬೇಕು. ಪರದೇಶದಲ್ಲಿ ಹಡಗು ಮಾರಿ ಸಿಬ್ಬಂದಿಯನ್ನು ಇಳಿಸಿದರೆ ಬಾಕಿ ಸಂಬಳದ ಮೇಲೆ ತಲಾ ಮೂರು ತಿಂಗಳ ಸಂಬಳ ಕಟ್ಟಬೇಕು. ಎರಡು ತಿಂಗಳದ್ದು ಊರಿಗೆ ಮರಳುವ ನಾವಿಕನಿಗೆ, ಒಂದು ತಿಂಗಳದ್ದು ನಿರ್ಗತಿಕ ನಾವಿಕರ ನಿಧಿಗೆ. ಕಾಯಿದೆ ಪಾಲಿಸದ ಕಪ್ತಾನನಿಗೆ ಕಾಗದ ವಾಪಸಿಲ್ಲ. ಇದರಲ್ಲಿ ಕರುಣೆಗಿಂತ ವ್ಯಾಪಾರದ ಲೆಕ್ಕಾಚಾರವೇ ಹೆಚ್ಚಿತ್ತೆನ್ನಬಹುದು. ಆದರೂ ಕಾನ್ಸಲನ ಮಾತು ನಡೆಯುವುದಕ್ಕೆ ಅವನ ಕೈಯಲ್ಲಿ ಒಂದು ಹಿಡಿತವಿತ್ತು.

ಇಂದು ಆ ಹಿಡಿತ ವಿಮೆಯ ರೂಪದಲ್ಲಿದೆ. 2006ರ ಕಡಲ ಕಾರ್ಮಿಕ ಒಪ್ಪಂದವನ್ನು ಭಾರತ 2015ರಲ್ಲಿ ಅನುಮೋದಿಸಿತು. 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ, ಎರಡು ತಿಂಗಳು ಸಂಬಳ ಕೊಡದಿದ್ದರೆ ಅದೂ ಕೈಬಿಟ್ಟಂತೆಯೇ. ಆಗ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಆಹಾರ, ಊರಿಗೆ ಮರಳುವ ಖರ್ಚು ವಿಮೆಯಿಂದ ಸಿಗಬೇಕು. ವಿಮಾಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿರಬೇಕು. ಹಡಗಿನವನು ಅದನ್ನು ನೋಡಿದ್ದರೂ ಮನೆಯವರಿಗೆ ಅದರ ಸುಳಿವೇ ಇರುವುದಿಲ್ಲ. ವಿಷಯ ತಿಳಿಯುವಾಗ ಹಡಗಿನಲ್ಲಿ ಕುಡಿಯುವ ನೀರು ಮುಗಿದಿರುತ್ತದೆ.

ಮೀನುಗಾರರ ಪಾಡು ಬೇರೆ. ಆ ಒಪ್ಪಂದ ಮೀನುಗಾರಿಕಾ ದೋಣಿಗಳಿಗೆ ಅನ್ವಯಿಸುವುದಿಲ್ಲ. 2018ರಲ್ಲಿ ಕೊಲ್ಲಿಯ ದೋಣಿಗಳಲ್ಲಿ ದುಡಿಯುತ್ತಿದ್ದ ಉತ್ತರ ಕನ್ನಡದ ಮೀನುಗಾರರು ಇರಾನಿನಲ್ಲಿ ಸಿಕ್ಕಿಬಿದ್ದಾಗ ಕುಮಟಾ, ಭಟ್ಕಳ ಕಡೆಯ ಕುಟುಂಬಗಳು ರಾಯಭಾರ ಕಚೇರಿಯ ದಾರಿಯನ್ನೇ ಕಾಯಬೇಕಾಯಿತು.

ಇದು ಕರಾವಳಿಯವರ ಚಿಂತೆ ಮಾತ್ರವೂ ಅಲ್ಲ. ವಿಜಯಪುರದ ಆಚೆ ಹೊನವಾಡದಲ್ಲಿ ಕುಳಿತ ಹುಡುಗನ ಮೊಬೈಲಿಗೂ ಹಡಗಿನ ಕೆಲಸದ ಜಾಹೀರಾತು ತಲುಪಬಹುದು. ಏಜೆಂಟ್ ಅಸಲಿಯೋ ನಕಲಿಯೋ ಎಂದು ಕೇಳೋಣವೆಂದರೆ ಹಡಗು ಕಂಡ ನೆರೆಯವರು ಅವನಿಗೆಲ್ಲಿ?

1920ರಲ್ಲಿ ಗ್ಲಾಸ್ಗೋದಲ್ಲಿ ಆರಂಭವಾದ, ಈಗ ಸ್ಟೆಲ್ಲಾ ಮಾರಿಸ್ ಎನಿಸಿರುವ ಧರ್ಮಸಭೆಯ ಸೇವೆ ನಾವಿಕರ ಬಳಿ ಹಡಗಿಗೇ ಹೋಗುತ್ತದೆ. ಮನೆಯವರ ಬಳಿ ಹೋಗಬೇಕಾದವರು ನಾವು. ಜುಲೈ ಎರಡನೇ ಭಾನುವಾರದ ಸಾಗರ ಭಾನುವಾರದಂದು ಪ್ರಾರ್ಥನೆಯ ಜೊತೆಗೆ ಪ್ರತಿ ವಾಳೆಯ ಗುರಿಕಾರರು ನಾವಿಕರ ಮನೆಗಳಿಗೆ ಹೋಗಿ ನಾಲ್ಕು ವಿಷಯ ಬರೆದಿಡಿಸಲಿ: ಹಡಗಿನ ಹೆಸರು, ಅದರ ಐಎಂಒ ಸಂಖ್ಯೆ, ವಿಮಾ ಕಂಪೆನಿಯ ವಿಳಾಸ, ನೌಕಾಯಾನ ಮಹಾನಿರ್ದೇಶನಾಲಯವು ಏಜೆಂಟನಿಗೆ ಕೊಟ್ಟ ಪರವಾನಗಿ ಸಂಖ್ಯೆ. ಮಗ ಹೊರಡುವ ಮುನ್ನವೇ ಆ ಚೀಟಿ ತಾಯಿಯ ಕೈಯಲ್ಲಿರಬೇಕು.