ಮಣ್ಣಿನಡಿಯ ಕೊಳವೆಗೆ ಹೊಣೆ ಯಾರು?

ಸಿಲಿಂಡರ್ ಖಾಲಿಯಾದಾಗ ಮುಂದಿನದಕ್ಕಾಗಿ ದಾರಿ ಕಾಯುವ ಗೋಳು ನಮ್ಮ ಮನೆಗಳಿಗೆ ಹೊಸತಲ್ಲ. ಆದ್ದರಿಂದ ನೈಸರ್ಗಿಕ ಅನಿಲವು ಕೊಳವೆಯ ಮೂಲಕ ನೇರವಾಗಿ ಒಲೆಗೇ ಬರುವುದೆಂದಾಗ ಜನರು ಸಂತೋಷಪಟ್ಟರೆ ಅದು ಸಹಜ. ದಾಭೋಲ್‌ನಿಂದ ಬೆಂಗಳೂರಿಗೆ ಕೊಳವೆ ಬಂದು ವರ್ಷಗಳೇ ಸಂದವು. 2021ರ ಜನವರಿಯಲ್ಲಿ ಕೊಚ್ಚಿ-ಮಂಗಳೂರು ನಡುವಿನ 450 ಕಿಲೋಮೀಟರ್ ಮಾರ್ಗವೂ ಉದ್ಘಾಟನೆಯಾಯಿತು. ಆದರೆ ಬೀದಿಯಿಂದ ಮನೆಯಂಗಳದವರೆಗಿನ ಕೊನೆಯ ಹತ್ತು-ಹದಿನೈದು ಅಡಿಗೆ ಯಾವ ಸಮಾರಂಭವೂ ಇಲ್ಲ, ಹೇಳುವ ಕೇಳುವವರೂ ಇಲ್ಲ!

ಬೀದಿಯಲ್ಲಿ ಹೂಳುವ ಪ್ಲಾಸ್ಟಿಕ್ ಕೊಳವೆಯಲ್ಲಿ ಅನಿಲದ ಒತ್ತಡ ಸುಮಾರು 4 ಬಾರ್ ಇರುತ್ತದೆ. ಮನೆಯ ಗೋಡೆಯ ಬಳಿ ಅದು ಕಬ್ಬಿಣದ ಕೊಳವೆಯಾಗಿ ಮೇಲೇರಿ, ರೆಗ್ಯುಲೇಟರ್ ಮತ್ತು ಮೀಟರ್ ದಾಟಿ ಒಲೆ ತಲುಪುವಾಗ ಕೇವಲ 21 ಮಿಲಿಬಾರ್‌ಗೆ ಇಳಿದಿರುತ್ತದೆ. ಅಂದರೆ ಅಡುಗೆಮನೆಗಿಂತ ಅಂಗಳದ ಮಣ್ಣಿನಡಿಯಲ್ಲೇ ಹೆಚ್ಚು ಎಚ್ಚರ ಬೇಕು. ವಿಪರ್ಯಾಸವೆಂದರೆ, ಮನೆಯವರ ಗಮನವೆಲ್ಲ ಮೀಟರ್ ಎಲ್ಲಿ ಕೂರುತ್ತದೆ, ಹೊಸ ಟೈಲ್ಸ್ ಒಡೆಯುತ್ತದೆಯೇ ಎಂಬುದರ ಮೇಲೆಯೇ. ಬೆಳಿಗ್ಗೆ ಗುತ್ತಿಗೆದಾರನ ಕೂಲಿಯಾಳುಗಳು ಬಂದು ಅಗೆಯುತ್ತಾರೆ, ಸಂಜೆಗೆ ಮುಚ್ಚಿ ಹೋಗುತ್ತಾರೆ. ಕೊಳವೆಯ ಮೇಲೆ ಎಚ್ಚರಿಕೆಯ ಪಟ್ಟಿ ಹಾಸಿದರೇ? ಮಣ್ಣು ಮುಚ್ಚುವ ಮುನ್ನ ಗಾಳಿ ತುಂಬಿ ಸೋರಿಕೆ ಪರೀಕ್ಷಿಸಿದರೇ? ಯಾರೂ ಕೇಳುವುದಿಲ್ಲ.

ಮರೆತ ಕೊಳವೆ ಏನು ಮಾಡಬಲ್ಲುದೆಂಬುದನ್ನು ಬೆಂಗಳೂರು ಕಂಡಿದೆ. 2023ರ ಮಾರ್ಚ್‌ನಲ್ಲಿ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ನೀರಿನ ಕಾಮಗಾರಿಗೆ ಅಗೆಯುವಾಗ ಅನಿಲದ ಕೊಳವೆಗೆ ಹಾನಿಯಾಯಿತು. ಸೋರಿದ ಅನಿಲದಿಂದ ಮನೆಯೊಳಗೆ ಸ್ಫೋಟ ಸಂಭವಿಸಿ ಜನರು ಗಾಯಗೊಂಡರು. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಬಯಲಿನಲ್ಲಿ ಬೇಗ ಚದುರಿಹೋಗುತ್ತದೆ ಎಂಬುದು ನಿಜ. ಆದರೆ ಮೇಲೆ ಕಾಂಕ್ರೀಟ್ ಇದ್ದಾಗ ಅದು ಒಳಚರಂಡಿ, ಕೇಬಲ್ ದಾರಿಗಳನ್ನು ಹಿಡಿದು ಯಾರದೋ ಮನೆಯೊಳಗೆ ಸೇರುತ್ತದೆ. ಎಚ್ಚರಿಸಲೆಂದು ಬೆರೆಸಿದ ವಾಸನೆಯನ್ನು ಕೆಲವೊಮ್ಮೆ ಮಣ್ಣೇ ಹೀರಿಕೊಳ್ಳುತ್ತದೆ.

ಅದೇ ತಿಂಗಳಲ್ಲಿ ಕೇಂದ್ರ ಸರಕಾರ 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ಆ್ಯಪ್ ಬಿಡುಗಡೆ ಮಾಡಿತು. ಅಗೆಯುವವರು ಮೊದಲೇ ತಿಳಿಸಿದರೆ ನೆಲದಡಿಯ ಸೊತ್ತಿನ ಒಡೆಯರಿಗೆ ಸುದ್ದಿ ಮುಟ್ಟುವ ಏರ್ಪಾಡು ಅದು. ಒಳ್ಳೆಯದೇ. ಆದರೆ ಕಂಪೌಂಡು ಗೋಡೆಯ ಪಾಯ ತೆಗೆಯುವ ಮೇಸ್ತ್ರಿ, ಪಿಟ್ ಗುಂಡಿ ತೋಡುವ ಕೂಲಿಯಾಳು ಅದನ್ನು ತೆರೆದು ನೋಡುತ್ತಾರೆಂದು ನಂಬುವುದು ಹೇಗೆ? ಬಾಡಿಗೆ ಮನೆಗಳ ಪಾಡು ಇನ್ನೂ ಬೇರೆ. ಸಂಪರ್ಕಕ್ಕೆ ಒಪ್ಪಿಗೆ ಕೊಡಬೇಕಾದವರು ಮನೆಯೊಡೆಯರು, ಅಗೆದದ್ದನ್ನು ಕಣ್ಣಾರೆ ಕಂಡವರು ಬಾಡಿಗೆದಾರರು. ಹನ್ನೊಂದು ತಿಂಗಳ ಕರಾರು ಮುಗಿದು ಆ ಕುಟುಂಬ ಹೊರಟಾಗ ಕೊಳವೆ ಎಲ್ಲಿದೆಯೆಂಬ ತಿಳುವಳಿಕೆಯೂ ಹೊರಟುಹೋಗುತ್ತದೆ.

2006ರ ಕಾನೂನಿನ ಮೇರೆಗೆ ರಚನೆಯಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಇದೆ, ಸುರಕ್ಷತೆಯ ನಿಯಮಗಳೂ ಇವೆ. ಅವು ನಮ್ಮ ಬೀದಿಗೆ ಇಳಿಯಬೇಕಾದರೆ ಪ್ರತಿ ಮನೆಯ ಸಂಪರ್ಕಕ್ಕೂ ಒಂದು ನಕ್ಷೆ ಬೇಕು. ಗೋಡೆಯ ಮೂಲೆಯಿಂದ ಎಷ್ಟು ಅಡಿ ದೂರ, ಎಷ್ಟು ಆಳ, ಎಲ್ಲಿ ತಿರುವು ಎಂದು ಬರೆದು, ಪರೀಕ್ಷೆಯ ದಿನಾಂಕ ಹಾಕಿ, ಸಹಿ ಮಾಡಿದ ಒಂದೇ ಹಾಳೆ ಸಾಕು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ನಗರಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಇರಲಿ. ಈ ಹಾಳೆ ಕೊಡಲೊಪ್ಪದ ಗುತ್ತಿಗೆದಾರನಿಗೆ ಕೆಲಸ ಪೂರ್ಣವಾಯಿತೆಂದು ಸಹಿ ಹಾಕಿಕೊಡಲು ಮನೆಯವರು ನಿರಾಕರಿಸಬೇಕು.